ಮೀಟರ್‌ಗೆ ಇದ್ದ ಸೀಲ್ ಆ್ಯಪ್‌ಗೆ ಯಾಕಿಲ್ಲ?

ಆ್ಯಪ್ ಟ್ಯಾಕ್ಸಿ ಬೇಕಾ ಬೇಡವಾ ಅನ್ನುವ ಜಗಳ ಮತ್ತೆ ಮತ್ತೆ ಏಳುತ್ತದೆ. ನನಗಂತೂ ಆ ಪ್ರಶ್ನೆ ಎಂದೋ ಮುಗಿದಿದೆ. ಜನಕ್ಕೆ ಅದು ಬೇಕು, ನನಗೂ ಬೇಕು. ರಾತ್ರಿ ಹೊತ್ತು ರಸ್ತೆ ಬದಿ ನಿಂತು ಬಂದ ಗಾಡಿಗೆಲ್ಲ ಕೈ ಅಡ್ಡ ಹಾಕುವ ಕಾಲಕ್ಕೆ ವಾಪಸ್ ಹೋಗಲು ಯಾರಿಗೂ ಇಷ್ಟವಿಲ್ಲ. ಸರ್ಕಾರ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಅನ್ನುವುದು ಈಗಿನ ಪ್ರಶ್ನೆ. ಮೊದಲು ಹಿಡಿಯಬೇಕಾದ್ದು ದರದ ಲೆಕ್ಕವನ್ನು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಳೇ ಟ್ಯಾಕ್ಸಿ ಮೀಟರನ್ನು ನೋಡಿ. ಜರ್ಮನಿಯ ವಿಲ್ಹೆಲ್ಮ್ ಬ್ರೂನ್ ಅದನ್ನು 1891ರಲ್ಲಿ ಮಾಡಿದರು. ಲಂಡನ್‌ನಲ್ಲಿ 1907ರಲ್ಲಿ ಕಡ್ಡಾಯವಾಯಿತು. ಗಾಡಿ ಎಷ್ಟು ದೂರ ಓಡಿತು, ಎಷ್ಟು ಹೊತ್ತು ನಿಂತಿತು, ಅಷ್ಟೇ ಅದರ ಲೆಕ್ಕ. ದರ ಸರ್ಕಾರದ್ದು. ಮೀಟರ್ ಸರಿಯಾಗಿ ಓಡುತ್ತಿದೆಯಾ ಅಂತ ಪರೀಕ್ಷೆ ಮಾಡಿ, ತಂತಿ ಬಿಗಿದು ಸೀಲ್ ಹಾಕುತ್ತಿದ್ದರು. ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತುತ್ತಾರಲ್ಲ, ಹಾಗೆ. ಮೀಟರ್ ತಿದ್ದುವವರು ಇರಲಿಲ್ಲ ಅಂತಲ್ಲ, ಬೇಕಾದಷ್ಟು ಜನ ಇದ್ದರು. ಆದರೆ ತಿದ್ದಿದ್ದನ್ನು ಹಿಡಿಯಲು ದಾರಿ ಇತ್ತು. ಹಿಂದೆ ಕೂತವರಿಗೂ ಸ್ಟೇರಿಂಗ್ ಹಿಡಿದವರಿಗೂ ಕಾಣುತ್ತಿದ್ದದ್ದು ಒಂದೇ ಅಂಕಿ.

ಆ್ಯಪ್‌ನಲ್ಲಿ ಆ ಒಂದು ಅಂಕಿ ಎರಡಾಗಿದೆ. ನಾನು ಕೊಡುವುದು ಒಂದು, ಚಾಲಕರಿಗೆ ಸಿಗುವುದು ಇನ್ನೊಂದು. ಇತ್ತೀಚೆಗೆ ಒಂದು ಟ್ರಿಪ್ ಮುಗಿದಾಗ ಚಾಲಕರು ತಮ್ಮ ಫೋನನ್ನು ನನ್ನ ಫೋನ್ ಪಕ್ಕ ಹಿಡಿದರು. ನಾನು ಕಟ್ಟಿದ್ದರಲ್ಲಿ ಅವರಿಗೆ ಬಂದಿದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. "ಕಮಿಷನ್ ಎಷ್ಟು ಪರ್ಸೆಂಟ್?" ಅಂದೆ. "ಒಂದೊಂದು ಟ್ರಿಪ್‌ಗೆ ಒಂದೊಂದು ಥರ ಸರ್. ಕೇಳೋಣ ಅಂದ್ರೆ ಆ ಕಡೆ ಮನುಷ್ಯರೇ ಸಿಗಲ್ಲ" ಅಂದರು. ಮಾತು ಮುಗಿಯುವ ಮೊದಲೇ ಮುಂದಿನ ಬುಕಿಂಗ್ ಬಡಿದುಕೊಂಡಿತು. ಪರದೆಯ ಮೇಲೆ ಒಂದು ಪಟ್ಟಿ ಸರಸರ ಚಿಕ್ಕದಾಗುತ್ತಾ ಬರುತ್ತದೆ. ಅದು ಪೂರ್ತಿ ಕರಗುವುದರೊಳಗೆ ಪಿಕಪ್ ಎಷ್ಟು ದೂರ, ಟ್ರಿಪ್ ಎಷ್ಟು ದೂರ, ದುಡ್ಡೆಷ್ಟು ಅಂತ ನೋಡಿ ಬೆರಳು ಒತ್ತಬೇಕು. ಸುಮ್ನೆ ಬಿಟ್ಟರೆ ಬುಕಿಂಗ್ ಬೇರೆಯವರಿಗೆ. ಜಾಸ್ತಿ ಬಿಟ್ಟರೆ ಮುಂದೆ ಒಳ್ಳೇ ಟ್ರಿಪ್ ಬರುವುದಿಲ್ಲ ಅನ್ನುವ ಭಯ ಅವರಿಗೆ. ನಿಜವಾ ಸುಳ್ಳಾ, ಹೇಳುವವರಿಲ್ಲ. ಇಡೀ ಜೀವನ ನಡೆಯುವುದು ಅದರ ಮೇಲೆ, ಅದರ ನಿಯಮವೇ ಗೊತ್ತಿಲ್ಲ ಅಂದರೆ ಹೇಗೆ?

ಹಾಗಂತ ಹಳೇ ಕಟ್ಟುಪಾಡನ್ನೇ ವಾಪಸ್ ತನ್ನಿ ಅನ್ನುವವರ ಜೊತೆ ನಾನಿಲ್ಲ. ನ್ಯೂಯಾರ್ಕ್ ಕಥೆ ನೋಡಿ. 1937ರ ಹಾಸ್ ಕಾಯ್ದೆಯಿಂದ ಅಲ್ಲಿ ಟ್ಯಾಕ್ಸಿ ಪರ್ಮಿಟ್‌ಗಳ ಸಂಖ್ಯೆಗೆ ಮಿತಿ ಬಿತ್ತು. ದಶಕಗಟ್ಟಲೆ ಅದು 12 ಸಾವಿರ ದಾಟಲಿಲ್ಲ. ಮೆಡಾಲಿಯನ್ ಅನ್ನುವ ಆ ಪರ್ಮಿಟ್ ಆಸ್ತಿ ಥರ ಕೈ ಬದಲಾಯಿಸತೊಡಗಿತು. 2014ರ ಹೊತ್ತಿಗೆ ಒಂದಕ್ಕೆ 10 ಲಕ್ಷ ಡಾಲರ್ ದಾಟಿತು. ನಗರಾಡಳಿತವೇ ಹರಾಜು ಹಾಕಿ ದುಡ್ಡು ಮಾಡಿಕೊಂಡಿತು. ವಲಸೆ ಬಂದ ಚಾಲಕರು ಸಾಲದ ಮೇಲೆ ಸಾಲ ಮಾಡಿ ಕೊಂಡರು. ಆಮೇಲೆ ಬೆಲೆ ನೆಲ ಕಚ್ಚಿತು, ಸಾಲ ಹಾಗೇ ಉಳಿಯಿತು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. 2021ರಲ್ಲಿ ಚಾಲಕರು ಉಪವಾಸ ಕೂತ ಮೇಲೆಯೇ ಸಾಲ ಇಳಿಸುವ ಒಪ್ಪಂದವಾಗಿದ್ದು. ಗಾಡಿಗಳ ಸಂಖ್ಯೆಗೆ ಮಿತಿ ಹಾಕಿ, ಆ ಮಿತಿಯನ್ನೇ ಮಾರಾಟಕ್ಕಿಟ್ಟರೆ ಲಾಭ ದಲ್ಲಾಳಿಗೆ. ನಷ್ಟ ಮಾತ್ರ ಗಾಡಿ ಓಡಿಸುವವರಿಗೆ.

"ನಮ್ಮದು ಬರೀ ಆ್ಯಪ್, ಚಾಲಕರು ಸ್ವತಂತ್ರರು" ಅನ್ನುವ ಮಾತನ್ನು ಕೋರ್ಟುಗಳೇ ಒಪ್ಪಿಲ್ಲ. ಊಬರ್ ಕೊಡುತ್ತಿರುವುದು ಸಾರಿಗೆ ಸೇವೆಯೇ ಅಂತ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2017ರಲ್ಲಿ ಹೇಳಿತು. 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಇನ್ನೂ ಬಿಡಿಸಿ ಹೇಳಿತು. ದರ ಕಂಪನಿಯದು, ಷರತ್ತು ಕಂಪನಿಯದು, ಬುಕಿಂಗ್ ಜಾಸ್ತಿ ಬಿಟ್ಟರೆ ಶಿಕ್ಷೆಯೂ ಕಂಪನಿಯದೇ. ಹಾಗಾಗಿ ಚಾಲಕರಿಗೆ ಕನಿಷ್ಠ ವೇತನ, ಸಂಬಳ ಸಹಿತ ರಜೆ ಕೊಡಬೇಕು ಅಂದಿತು. ದರವನ್ನೇ ಹೇಳಲಾಗದ ವ್ಯಾಪಾರಿ ಎಂಥ ಸ್ವತಂತ್ರ ವ್ಯಾಪಾರಿ?

ನನಗೆ ತುಂಬಾ ಹಿಡಿಸಿದ್ದು ನ್ಯೂಯಾರ್ಕ್ ಮುಂದೆ ಮಾಡಿದ ಕೆಲಸ. 2019ರಿಂದ ಅಲ್ಲಿ ಆ್ಯಪ್ ಚಾಲಕರಿಗೆ ಕನಿಷ್ಠ ದರ ಬಂತು. ಖರ್ಚು ಕಳೆದು ಗಂಟೆಗೆ 17.22 ಡಾಲರ್ ಉಳಿಯಬೇಕು ಅನ್ನುವುದು ಆಗಿನ ಗುರಿ. ಅದರ ಲೆಕ್ಕದಲ್ಲಿ ಚಾಲಕರು ಖಾಲಿ ಕಾಯುವ ಹೊತ್ತೂ ಸೇರಿದೆ. ಗಾಡಿಗಳು ಖಾಲಿ ನಿಂತಷ್ಟೂ ಪ್ರತಿ ಟ್ರಿಪ್‌ಗೆ ಕಂಪನಿ ಜಾಸ್ತಿ ಕೊಡಬೇಕು. ಬೇಕಾಬಿಟ್ಟಿ ಗಾಡಿ ಸೇರಿಸಿ, ಕಾಯುವ ಕಷ್ಟವನ್ನೆಲ್ಲ ಚಾಲಕರ ತಲೆಗೆ ಕಟ್ಟುವ ಚಾಳಿಗೆ ಸರಿಯಾದ ಪೆಟ್ಟು ಇದು. ಕಂಪನಿಗಳು ರಂಗೋಲಿ ಕೆಳಗೆ ತೂರಿದವು. ಬೇಡಿಕೆ ಕಮ್ಮಿ ಇರುವ ಹೊತ್ತಲ್ಲಿ ಚಾಲಕರಿಗೆ ಲಾಗಿನ್ ಆಗಲು ಬಿಡಲಿಲ್ಲ. ಲಾಗಿನ್ ಇಲ್ಲದಿದ್ದರೆ ಕಾದ ಹೊತ್ತು ಲೆಕ್ಕಕ್ಕೆ ಬರುವುದಿಲ್ಲವಲ್ಲ! ಅದಕ್ಕೇ ನಾನು ಹೇಳುವುದು, ಕನಿಷ್ಠ ದರ ಬರೆದು ಕೈ ತೊಳೆದುಕೊಂಡರೆ ಆಗುವುದಿಲ್ಲ. ಯಾರನ್ನು ಯಾವಾಗ ಹೊರಗಿಟ್ಟರು ಅನ್ನುವ ದಾಖಲೆಯೂ ಸಾರಿಗೆ ಇಲಾಖೆಯ ಕೈಗೆ ಬರಬೇಕು.

ಬೇಡಿಕೆ ಜಾಸ್ತಿಯಾದಾಗ ದರ ಏರುವುದಕ್ಕೆ ನನ್ನ ವಿರೋಧ ಇಲ್ಲ. ಮಳೆ ಸುರಿಯುವಾಗ ಮನೆಯಿಂದ ಗಾಡಿ ತೆಗೆಯುವವರಿಗೆ ನಾಲ್ಕು ಕಾಸು ಜಾಸ್ತಿ ಸಿಗಲಿ. ಆದರೆ ಮೇಲೊಂದು ಮಿತಿ ಇರಲೇಬೇಕು. 2014ರಲ್ಲಿ ಸಿಡ್ನಿಯ ಒಂದು ಕೆಫೆಯಲ್ಲಿ ಬಂದೂಕುಧಾರಿ ಜನರನ್ನು ಒತ್ತೆ ಇಟ್ಟುಕೊಂಡಾಗ, ಅಲ್ಲಿಂದ ದೂರ ಹೋಗಲು ಹೊರಟವರಿಗೆ ಆ್ಯಪ್ ಏರಿದ ದರ ತೋರಿಸಿತು. ಬೈಗುಳ ತಿಂದ ಮೇಲೆ ದುಡ್ಡು ವಾಪಸ್ ಬಂತು. ಬೇಡಿಕೆ ಏರಿದ್ದು ಯಂತ್ರಕ್ಕೆ ಗೊತ್ತಾಯಿತು, ಯಾಕೆ ಏರಿತು ಅನ್ನುವುದು ಗೊತ್ತಾಗಲಿಲ್ಲ. ಇನ್ನು, ಏರಿದ ದರದಲ್ಲಿ ಚಾಲಕರಿಗೆ ಎಷ್ಟು ಹೋಗಬೇಕು ಅನ್ನುವುದೂ ನಿಯಮದಲ್ಲೇ ಇರಲಿ.

"ಲೆಕ್ಕ ತೋರಿಸಿದರೆ ವ್ಯಾಪಾರದ ಗುಟ್ಟು ಬಯಲಾಗುತ್ತದೆ" ಅಂತ ಕಂಪನಿಗಳು ಹೇಳುತ್ತವೆ. ಈ ನೆಪ ಆಮ್‌ಸ್ಟರ್‌ಡ್ಯಾಮ್‌ನ ಮೇಲ್ಮನವಿ ನ್ಯಾಯಾಲಯದಲ್ಲಿ ಪೂರ್ತಿ ನಡೆಯಲಿಲ್ಲ. ಚಾಲಕರ ಬಗ್ಗೆ ಯಂತ್ರ ಮಾಡುವ ತೀರ್ಮಾನಗಳ ವಿವರವನ್ನು ಅವರಿಗೆ ಕೊಡಿ ಅಂತ ಅದು 2023ರಲ್ಲಿ ಊಬರ್‌ಗೂ ಓಲಾಗೂ ಹೇಳಿತು. ಅಮೆರಿಕದ ಕೊಲೊರಾಡೊ 2024ರಲ್ಲಿ ಇನ್ನೂ ಸರಳವಾದ ಕಾನೂನು ಮಾಡಿತು. ಪ್ರಯಾಣಿಕ ಎಷ್ಟು ಕೊಟ್ಟ, ಚಾಲಕರಿಗೆ ಎಷ್ಟು ಬಂತು, ಇಬ್ಬರಿಗೂ ತೋರಿಸಿ ಅಂದಿತು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಹೊಸ ಇಲಾಖೆ ಬೇಕಿಲ್ಲ. ಆ ಎರಡು ಅಂಕಿಗಳು ಟ್ರಿಪ್ ಮುಗಿದ ಕ್ಷಣದಿಂದ ಕಂಪನಿಯ ಕಂಪ್ಯೂಟರ್‌ನಲ್ಲೇ ಇರುತ್ತವೆ. ಎಲ್ಲ ಕಡೆಯೂ ಸರ್ಕಾರಗಳು ಶುರು ಮಾಡಬೇಕಾದ್ದು ಇಲ್ಲಿಂದಲೇ, ಈ ವರ್ಷವೇ.