ಸ್ಪಷ್ಟನೆ: ದೂರುಗಳು ಹೆಚ್ಚಿದ ಮಾತ್ರಕ್ಕೆ ನೈತಿಕತೆಯ ತರಬೇತಿ ಸೋತಂತಲ್ಲ

ಸಾರ್ವಜನಿಕ ನೌಕರರಿಗೆ ನೈತಿಕತೆಯ ತರಬೇತಿ ಕೊಟ್ಟ ಮೇಲೆ ಕಚೇರಿಗಳಲ್ಲಿ ದೂರುಗಳು ಹೆಚ್ಚುತ್ತವೆ, ಆದ್ದರಿಂದ ಇಂಥ ತರಬೇತಿ ವ್ಯರ್ಥ ಎಂಬ ಮಾತು ಹರಿದಾಡುತ್ತಿದೆ. ಈ ತೀರ್ಮಾನ ತಪ್ಪು. ಸಂಬಂಧಿಕರ ಕಡತವನ್ನು ತಾನೇ ವಿಲೇವಾರಿ ಮಾಡುವುದು ಹಿತಾಸಕ್ತಿಯ ಸಂಘರ್ಷ ಎಂದು ಅರಿಯದಿದ್ದ ನೌಕರ ಅದನ್ನು ಗುರುತಿಸಲು ಕಲಿತು, ಯಾರಿಗೆ ತಿಳಿಸಬೇಕೆಂಬುದನ್ನೂ ಅರಿತ ಮೇಲೆ, ಮೊದಲು ಯಾರ ಗಮನಕ್ಕೂ ಬಾರದಿದ್ದ ಲೋಪಗಳು ದಾಖಲೆಗೆ ಬರುತ್ತವೆ. ಹಾಗಾಗಿ ದೂರುಗಳ ಏರಿಕೆಯೊಂದರಿಂದಲೇ ಅಕ್ರಮ ಹೆಚ್ಚಿತೆಂದಾಗಲಿ ತಗ್ಗಿತೆಂದಾಗಲಿ ಹೇಳಲಾಗದು.

ಹಾಗೆಂದು, ಒಂದು ದಿನದ ಶಿಬಿರ ಮತ್ತು ಸಹಿ ಮಾಡಿದ ಪ್ರತಿಜ್ಞಾಪತ್ರ ಸಾಕು ಎಂಬ ಭರವಸೆಯನ್ನೂ ಒಪ್ಪಲಾಗದು. ನಮೂನೆಯ ಆರಂಭದಲ್ಲೇ ಪ್ರಾಮಾಣಿಕತೆಯ ಘೋಷಣೆಗೆ ಸಹಿ ಹಾಕಿಸಿದರೆ ಸುಳ್ಳು ಕಡಿಮೆಯಾಗುತ್ತದೆ ಎಂದು 2012ರಲ್ಲಿ ಪ್ರಕಟವಾಗಿ, ಬಹಳ ಉಲ್ಲೇಖಗೊಂಡ ಸಂಶೋಧನಾ ಪ್ರಬಂಧವನ್ನು, ಅದರ ದತ್ತಾಂಶದ ಬಗ್ಗೆ ಗಂಭೀರ ಸಂಶಯ ಎದ್ದ ಕಾರಣ 2021ರಲ್ಲಿ ಹಿಂಪಡೆಯಲಾಯಿತು. ತರಬೇತಿಯ ಕೊನೆಯಲ್ಲಿ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರವೂ ಅಳೆಯುವುದು ಮೆಚ್ಚುಗೆಯನ್ನೇ ಹೊರತು ನಡತೆಯನ್ನಲ್ಲ. ದೂರಿನ ಸಂಖ್ಯೆ, ಸಹಿ, ಮೆಚ್ಚುಗೆ ಇವು ಬೇರೆ, ನಿಜವಾದ ನಡತೆ ಬೇರೆ; ಈ ವ್ಯತ್ಯಾಸವನ್ನು ಮರೆತದ್ದೇ, ತರಬೇತಿ ವ್ಯರ್ಥ ಎಂಬ ಮತ್ತು ಒಂದು ದಿನದ ಶಿಬಿರ ಸಾಕು ಎಂಬ ಎರಡೂ ತಪ್ಪುಗಳ ಮೂಲವೆಂದು ನಾನು ಭಾವಿಸುತ್ತೇನೆ.

2003ರಲ್ಲಿ ಅಂಗೀಕೃತವಾದ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯ 7ನೇ ವಿಧಿ ತರಬೇತಿಯೊಂದನ್ನೇ ಹೇಳಿಲ್ಲ. ಅರ್ಹತೆ ಆಧರಿಸಿದ ನೇಮಕಾತಿ, ಸಮರ್ಪಕ ವೇತನ, ಭ್ರಷ್ಟಾಚಾರಕ್ಕೆ ಹೆಚ್ಚು ಅವಕಾಶವಿರುವ ಹುದ್ದೆಗಳಲ್ಲಿ ಸರದಿ ಬದಲಾವಣೆ ಇವುಗಳ ಜೊತೆಗೇ ಅದನ್ನು ಹೇಳಿದೆ. ತಪ್ಪನ್ನು ತಿಳಿಸಿದವರನ್ನೇ ವರ್ಗಾವಣೆ ಮಾಡಿ ಶಿಕ್ಷಿಸುವ ಕಚೇರಿಯಲ್ಲಿ, ತರಬೇತಿಯಲ್ಲಿ ಕಲಿತದ್ದನ್ನು ಬಳಸುವ ಧೈರ್ಯ ನೌಕರರಿಗೆ ಬರುವುದು ಕಷ್ಟ.