ಎಲ್ಲ ಮಕ್ಕಳಿಗೂ ಕ್ರಿಕೆಟ್ಟೇ ಆಗಬೇಕಾ?

ಬೇಸಿಗೆ ರಜೆ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳ ಎಲ್ಲಿ ಹೋದರೂ ತಂದೆತಾಯಿ ಕೇಳುವುದು ಒಂದೇ ಮಾತು: “ಕ್ರಿಕೆಟ್ ಕ್ಯಾಂಪ್ ಎಲ್ಲಿ ನಡಿತೈತ್ರಿ?” ಹುಡುಗನ ಸ್ವಭಾವ ಎಂಥದ್ದು ಅಂತ ಯಾರೂ ಯೋಚಿಸುವುದಿಲ್ಲ. ಕ್ರಿಕೆಟ್ ಒಳ್ಳೆಯ ಆಟವೇ. ಆದರೆ ಮಕ್ಕಳು ಕಿಕ್ಕಿರಿದ ನೆಟ್ಸ್‌ನಲ್ಲಿ ಒಬ್ಬೊಬ್ಬನಿಗೆ ಸಿಗುವುದು ನಾಲ್ಕಾರು ಎಸೆತ, ಉಳಿದ ಹೊತ್ತೆಲ್ಲ ಕಾಯುವ ಕೆಲಸ. ಒಂದು ಕಡೆ ನಿಲ್ಲಲಾರದ ಹುಡುಗ ಅಲ್ಲಿ ಕೀಟಲೆ ಶುರು ಮಾಡಿ, ಶಿಸ್ತಿಲ್ಲದವ ಅನ್ನಿಸಿಕೊಂಡು ಮನೆಗೆ ಬರುತ್ತಾನೆ.

ಅಂಥವನನ್ನು ಖೋ ಖೋ ಅಂಕಣಕ್ಕೆ ಬಿಡಿ. 8 ಜನ ಚೌಕಗಳಲ್ಲಿ ಒಬ್ಬ ಈ ಕಡೆ, ಒಬ್ಬ ಆ ಕಡೆ ಮುಖ ಮಾಡಿ ಕೂರುತ್ತಾರೆ, 9ನೆಯವ ಅಟ್ಟಿಸಿಕೊಂಡು ಹೋಗುತ್ತಾನೆ. ಎದುರಾಳಿ ಕೈಗೆಟುಕುವಷ್ಟು ಹತ್ತಿರ ಓಡಿಹೋದರೂ, ಬೆನ್ನು ಮುಟ್ಟಿ ‘ಖೋ’ ಅನ್ನುವ ತನಕ ಏಳುವಂತಿಲ್ಲ. ಎದ್ದರೆ ಫೌಲ್. ಖೋ ಕೊಟ್ಟವನು ತಕ್ಷಣ ಆ ಚೌಕದಲ್ಲೇ ಕೂರಬೇಕು. ತಾನು ಏದುಸಿರು ಬಿಟ್ಟು ಅಟ್ಟಿದವನನ್ನು ಬೇರೊಬ್ಬ ಔಟ್ ಮಾಡುತ್ತಾನೆ. ಆತುರ ಹತೋಟಿಗೆ ಬರುವುದು, ಗೆಳೆಯನ ಅಂಕವೂ ತನ್ನದೇ ಅನ್ನಿಸುವುದು ಇಲ್ಲೇ. ಯಾವ ಭಾಷಣದಿಂದಲೂ ಅದು ಬರುವುದಿಲ್ಲ. ಹೊಸಬರು ಎಡವುವುದು ಒಂದೇ ಕಡೆ: ಬಾಯಲ್ಲಿ ‘ಖೋ’ ಮೊದಲು ಬರುತ್ತದೆ, ಕೈ ಆಮೇಲೆ ತಾಗುತ್ತದೆ. ಎರಡೂ ಒಟ್ಟಿಗೇ ಆಗಬೇಕು. ಮೊದಲ ಎರಡು ವಾರ ಓಡುವವರನ್ನು ಇಳಿಸಬೇಡಿ, ನಡೆದಾಡುತ್ತಲೇ ದಿನಕ್ಕೆ 15 ನಿಮಿಷ ಬರೀ ಖೋ ಕೊಡಿಸಿ.

ಅಂಜುವ ಮಗುವಿಗೆ ಜೂಡೋ, ಅಂದರೆ ಎದುರಾಳಿಯನ್ನು ಹಿಡಿದು ಕೆಡವುವ ಜಪಾನಿ ಆಟ. ನಮ್ಮ ತೋರಣಗಲ್ಲು ಹತ್ತಿರ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲೂ ಜೂಡೋ ಇದೆ. ಮೊದಲು ಕಲಿಸುವುದೇ ಬೀಳುವುದನ್ನು: ಗದ್ದ ಎದೆಗೆ ತಾಗಿಸಿ, ತೋಳು ಪೂರ್ತಿ ಚಾಚಿ ಮ್ಯಾಟಿಗೆ ಬಡಿಯಬೇಕು. ಹಿಂದಕ್ಕೆ ಕೈ ಊರಿದರೆ ಮಣಿಕಟ್ಟು ಮುರಿಯಬಹುದು. ನೂರು ಸಲ ಬಿದ್ದೆದ್ದ ಮಗು ಸೋತಾಗ ಅಷ್ಟು ಬೇಗ ಕುಗ್ಗುವುದಿಲ್ಲ.

ಮೈ ಭಾರ ಇದ್ದರೆ ನಾಚಿಕೆ ಬೇಡ. ನೀರಜ್ ಚೋಪ್ರಾ ಮೈದಾನಕ್ಕೆ ಹೋದದ್ದೇ ತೂಕ ಇಳಿಸಲು; ಪಾಣಿಪತ್‌ನಲ್ಲಿ ಜಾವೆಲಿನ್ ಕಣ್ಣಿಗೆ ಬಿತ್ತು, 2021ರಲ್ಲಿ ಟೋಕಿಯೊದಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದರು. ಹಾಗಂತ ಹನ್ನೆರಡರ ಹುಡುಗನ ಕೈಗೆ 800 ಗ್ರಾಮಿನ ಜಾವೆಲಿನ್ ಕೊಡಬೇಡಿ. 18ರೊಳಗಿನ ಹುಡುಗರಿಗೇ 700, ಹುಡುಗಿಯರಿಗೆ 500 ಗ್ರಾಂ ಇರುತ್ತದೆ. ಚಿಕ್ಕವರಿಗೆ ಟೆನಿಸ್ ಚೆಂಡು ಸಾಕು. ಭಾರ ಹೆಚ್ಚಾದರೆ ಮೊಣಕೈ ಭುಜಕ್ಕಿಂತ ಕೆಳಗಿಳಿದು, ಒಳಮಗ್ಗುಲಲ್ಲಿ ನೋವು ಕೂರುತ್ತದೆ.

ಒಂದು ಆಟಕ್ಕೆ ಕನಿಷ್ಠ ಎರಡು ತಿಂಗಳು ಕೊಡಿ. ಪದಕ ನೋಡಬೇಡಿ, ಬೇಗ ಬೆಳೆದ ಹುಡುಗರು 12-13ಕ್ಕೆ ಸುಲಭವಾಗಿ ಗೆಲ್ಲುತ್ತಾರೆ, 16ಕ್ಕೆ ಉಳಿದವರು ಸಮಕ್ಕೆ ಬಂದಾಗ ಅವರಲ್ಲಿ ಎಷ್ಟೋ ಮಂದಿ ಆಟ ಬಿಟ್ಟೇ ಹೋಗುತ್ತಾರೆ. ಸೋತ ಮರುದಿನ ತಾನಾಗಿ ಎದ್ದು ಬೂಟು ಹಾಕಿಕೊಳ್ಳುತ್ತಾನಾ? ನಾನು ಮೊದಲು ನೋಡುವುದು ಅದನ್ನೇ.

ಇನ್ನು ನೆಲ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಲು ಉಳುಕಿಸುತ್ತದೆ. ಊರವರು ಸೇರಿ ಗರಸು ಹಾಕಿಸಿ, ನೀರು ಹೊಡೆದು ರೋಲರ್ ಎಳೆಸಿದರೆ ಅಂಕಣ ಸಿದ್ಧ. ಏಪ್ರಿಲ್-ಮೇನಲ್ಲಿ ಬೆಳಿಗ್ಗೆ ಏಳೂವರೆಯೊಳಗೆ ಮುಗಿಸಿ, ನಡುನಡುವೆ ನೀರು ಕುಡಿಸಿ. ಆಟ ಹಿಡಿಸಿದ್ದು ಖಾತ್ರಿಯಾದ ಮೇಲೆ ಜಿಲ್ಲಾ ಕ್ರೀಡಾಂಗಣದ ಕಚೇರಿಯಲ್ಲಿ ಸರ್ಕಾರಿ ಕ್ರೀಡಾ ವಸತಿ ನಿಲಯದ ಆಯ್ಕೆ ಯಾವಾಗ ಅಂತ ವಿಚಾರಿಸಿ.