ಹೀಟರ್ ಹೋಸ್‌ಗೆ ಪೆಟ್ರೋಲ್ ಪೈಪ್ ಬದಲಿಯಲ್ಲ: ಸ್ಪಷ್ಟನೆ

‘ಹಳೆಯ ಕಾರಿನ ಹೀಟರ್ ಹೋಸ್ ಸೋರಿದರೆ ಅದೇ ಅಳತೆಯ ಪೆಟ್ರೋಲ್ ಪೈಪ್ ಹಾಕಿ ಕ್ಲಾಂಪ್ ಬಿಗಿದರೆ ಸಾಕು’ ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು. ಎಂಜಿನ್ ತಣಿಸುವ ದ್ರವವಾದ ಕೂಲಂಟನ್ನು ಕಾರಿನೊಳಗಿನ ಹೀಟರ್‌ಗೆ ಒಯ್ಯುವ ರಬ್ಬರ್ ಕೊಳವೆಯೇ ಹೀಟರ್ ಹೋಸ್. ಸಾಮಾನ್ಯ ಪೆಟ್ರೋಲ್ ಪೈಪಿನ ನೈಟ್ರೈಲ್ ರಬ್ಬರ್ ಎಣ್ಣೆ ತಡೆಯುತ್ತದೆ. ಆದರೆ ಸುಮಾರು 90 ಡಿಗ್ರಿ ಬಿಸಿಯ ಕೂಲಂಟ್‌ನಲ್ಲಿ ದಿನವೂ ಬೆಂದರೆ ಗಡುಸಾಗಿ ಬಿರಿಯುತ್ತದೆ. ಬೇಕಿರುವುದು ಇಪಿಡಿಎಂ (ಬಿಸಿ ಕೂಲಂಟ್ ತಾಳುವ ಕೃತಕ ರಬ್ಬರ್) ಹೀಟರ್ ಹೋಸ್. ಹಳೆಯದರ ಒಳವ್ಯಾಸ ಅಳೆದೇ ಕೊಳ್ಳಿ.

ಹೋಸ್ ಬದಲಿಸುವ ಮುನ್ನ ಎಂಜಿನ್ ಪೂರ್ತಿ ತಣಿಯಲಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕೈ, ಮುಖ ಸುಡುತ್ತದೆ. ಕೂಲಂಟ್ ಇಳಿಸಿ. ಅಂಟಿಕೊಂಡ ಹೋಸನ್ನು ತಿರುಚಿ ಎಳೆಯಬೇಡಿ, ಹೀಟರ್ ಕೋರ್‌ನ (ಡ್ಯಾಶ್‌ಬೋರ್ಡ್ ಹಿಂದೆ ಗಾಳಿ ಬಿಸಿಮಾಡುವ ಪುಟ್ಟ ರೇಡಿಯೇಟರ್) ತೆಳು ನಳಿಗೆಯೇ ಮುರಿಯುತ್ತದೆ. ಆಗ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ! ಬ್ಲೇಡಿನಿಂದ ಉದ್ದಕ್ಕೆ ಸೀಳಿ, ನಳಿಗೆಗೆ ಗೀರು ಬೀಳದಂತೆ ಸುಲಿದು ತೆಗೆಯಿರಿ. ತುಕ್ಕನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ. ಹೊಸ ಹೋಸ್ ತೊಡಿಸಲು ಗ್ರೀಸ್ ಬೇಡ, ಇಪಿಡಿಎಂ ಉಬ್ಬುತ್ತದೆ. ಕೂಲಂಟ್ ಸವರಿದರೆ ಹೋಸ್ ಜಾರಿ ಕೂರುತ್ತದೆ. ಕ್ಲಾಂಪ್ ನಳಿಗೆಯ ಉಬ್ಬುಗೆರೆಯ ಆಚೆ, ಒಳಬದಿಗೆ ಬರಲಿ.

ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮಪಾಲು ಬೆರೆಸಿ ತುಂಬಿ (ಮೊದಲೇ ನೀರು ಬೆರೆಸಿದ ರೆಡಿಮಿಕ್ಸ್ ಆದರೆ ನೀರು ಬೇಡ). ಹೀಟರ್ ಗುಂಡಿ ಪೂರ್ತಿ ಬಿಸಿಯ ಕಡೆ ತಿರುಗಿಸಿ ಎಂಜಿನ್ ಓಡಿಸಿ, ಗಾಳಿ ಹೊರಹೋಗಲಿ. ತಣಿದ ಮೇಲೆ ಮಟ್ಟ ನೋಡಿ, ಕ್ಲಾಂಪ್ ಮತ್ತೊಮ್ಮೆ ಬಿಗಿಯಿರಿ.